ಬ್ರೇಕ್ ಲೈಟ್ ಉರಿಯದಿದ್ದರೆ ದೋಷ ಎಲ್ಲಿದೆ? ಕಾರಿನ ಬ್ರೇಕ್ ಮತ್ತು ಹಜಾರ್ಡ್ ದೀಪಗಳ ವಿದ್ಯುತ್ ದೋಷ ಪತ್ತೆ ಮಾಡುವ ಬಗೆ

ಕಾರಿನ ಹೆಡ್‌ಲೈಟ್ ಕೆಟ್ಟರೆ ಎಲ್ಲರಿಗಿಂತ ಮೊದಲು ತಿಳಿಯುವುದು ಚಾಲಕರಿಗೆ. ಬ್ರೇಕ್ ಲೈಟ್ ಕೆಟ್ಟರೆ ಎಲ್ಲರಿಗಿಂತ ಕೊನೆಗೆ ತಿಳಿಯುವುದೂ ಅವರಿಗೇ. ಹಿಂದೆ ಬರುವವರಿಗಷ್ಟೇ ಕಾಣುವ ದೀಪವಾದ್ದರಿಂದ, ಸಿಲ್ಕ್ ಬೋರ್ಡ್‌ನಲ್ಲೋ ಹೆಬ್ಬಾಳದಲ್ಲೋ ಸಿಗ್ನಲ್ ಬಿದ್ದು ನಿಂತಾಗ ಪಕ್ಕದ ಬೈಕ್ ಸವಾರರೊಬ್ಬರು ಕಿಟಕಿ ತಟ್ಟಿ, "ಸಾರ್, ಬ್ರೇಕ್ ಲೈಟ್ ಬರ್ತಿಲ್ಲ, ನೋಡ್ಕೊಳ್ಳಿ" ಎನ್ನುವವರೆಗೆ ಅನೇಕರಿಗೆ ವಿಷಯವೇ ಗೊತ್ತಿರುವುದಿಲ್ಲ.

ಬೆಂಗಳೂರಿನಲ್ಲಿ ಮಳೆಗಾಲ ಹಿಡಿದ ಮೇಲೆ ಇಂಥ ದೋಷಗಳು ಹೆಚ್ಚುತ್ತವೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಮತ್ತು ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಕಾರುಗಳೇ ಮುಳುಗುವಷ್ಟು ನೀರು ನಿಂತಿತ್ತು. ಆದರೆ ದೀಪ ಕೆಡಲು ಅಷ್ಟು ದೊಡ್ಡ ಪ್ರವಾಹ ಬೇಕಿಲ್ಲ. ಅಂಡರ್‌ಪಾಸ್‌ನಲ್ಲಿ ನಿಂತ ನೀರನ್ನು ಒಮ್ಮೆ ದಾಟುವುದು, ಹಿಂದಿನ ದೀಪದ ಸುತ್ತಲಿನ ರಬ್ಬರ್ ಬಿರಿದು ಡಿಕ್ಕಿಯೊಳಗೆ ನಾಲ್ಕು ಹನಿ ಇಳಿಯುವುದು ಸಾಕು. ಅದಕ್ಕೆ ಗುಂಡಿಗಳ ಕುಲುಕಾಟ ಮತ್ತು ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ತಂತಿ ಕಡಿಯುವ ಇಲಿಗಳ ಕಾಟ ಸೇರಿದರೆ ಕಾರಣಗಳ ಪಟ್ಟಿ ಬಹುಮಟ್ಟಿಗೆ ಮುಗಿಯಿತು. ಈ ದೋಷಗಳನ್ನು ಪತ್ತೆ ಮಾಡುವುದಕ್ಕೆ ವಿಶೇಷ ವಿದ್ಯೆ ಬೇಕಿಲ್ಲ. ವಿದ್ಯುತ್ ಯಾವ ದಾರಿಯಲ್ಲಿ ಹೋಗುತ್ತದೆ ಎಂಬ ತಿಳಿವಳಿಕೆ ಮತ್ತು ಯಾವ ದೀಪ ಇನ್ನೂ ಉರಿಯುತ್ತಿದೆ ಎಂಬುದರ ಗಮನ ಇದ್ದರೆ, ಒಂದೊಂದೇ ಬಿಡಿಭಾಗವನ್ನು ಬದಲಿಸಿ ನೋಡುವ ದುಬಾರಿ ದಾರಿ ತಪ್ಪುತ್ತದೆ.

ವಿದ್ಯುತ್ ಹೋಗುವ ದಾರಿ, ಮರಳುವ ದಾರಿ

ಸಾಮಾನ್ಯ ಕಾರಿನ ಬ್ಯಾಟರಿ 12 ವೋಲ್ಟಿನದು. ಪೂರ್ತಿ ಚಾರ್ಜ್ ಆಗಿ ಎಂಜಿನ್ ನಿಂತಿರುವಾಗ ಅದರ ಎರಡು ತುದಿಗಳ ನಡುವೆ ಸುಮಾರು 12.6 ವೋಲ್ಟ್ ಇರುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಅದನ್ನು ಸುಮಾರು 13.8ರಿಂದ 14.4ರವರೆಗೆ ಏರಿಸುತ್ತದೆ. ದೀಪ ಉರಿಯಬೇಕಾದರೆ ವಿದ್ಯುತ್ ಬ್ಯಾಟರಿಯ ಪಾಸಿಟಿವ್ ತುದಿಯಿಂದ ಹೊರಟು, ದೀಪವನ್ನು ಹಾದು, ನೆಗೆಟಿವ್ ತುದಿಗೆ ಮರಳಬೇಕು. ಮರಳುವ ದಾರಿಗೆಂದು ಕಾರಿನಲ್ಲಿ ಉದ್ದಕ್ಕೂ ಬೇರೆ ತಂತಿ ಎಳೆದಿರುವುದಿಲ್ಲ. ದೀಪದಿಂದ ಹೊರಟ ಗಿಡ್ಡ ತಂತಿಯೊಂದನ್ನು ಹತ್ತಿರದ ಲೋಹದ ಮೈಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಅಲ್ಲಿಂದ ಬ್ಯಾಟರಿಯವರೆಗೆ ಕಾರಿನ ಉಕ್ಕಿನ ಮೈಯೇ ತಂತಿಯ ಕೆಲಸ ಮಾಡುತ್ತದೆ. ಎಲೆಕ್ಟ್ರಿಷಿಯನ್ನರು ಇದನ್ನು ಬಾಡಿ ಅರ್ತ್, ಅಥವಾ ಬರೀ ಅರ್ತ್ ಎನ್ನುತ್ತಾರೆ. ದೋಷ ಹುಡುಕುವವರು ಹೋಗುವ ದಾರಿಯನ್ನಷ್ಟೇ ನೋಡಿ ಈ ಮರಳುವ ದಾರಿಯನ್ನು ಮರೆಯುವುದು ಬಹಳ ಸಾಮಾನ್ಯ.

ಬ್ರೇಕ್ ಲೈಟಿನ ದಾರಿ ಹೀಗಿರುತ್ತದೆ: ಬ್ಯಾಟರಿಯಿಂದ ಫ್ಯೂಸಿಗೆ, ಫ್ಯೂಸಿನಿಂದ ಬ್ರೇಕ್ ಪೆಡಲಿನ ಮೇಲ್ಭಾಗದಲ್ಲಿರುವ ಸ್ವಿಚ್ಚಿಗೆ, ಅಲ್ಲಿಂದ ಕಾರಿನ ನೆಲದ ಅಂಚಿನಲ್ಲಿ ಸಾಗುವ ತಂತಿಯ ಕಟ್ಟಿನ ಮೂಲಕ ಡಿಕ್ಕಿಗೆ, ಅಲ್ಲಿ ಎಡಕ್ಕೆ, ಬಲಕ್ಕೆ, ಮೇಲಿನ ಮೂರನೆಯ ದೀಪಕ್ಕೆ ಎಂದು ಮೂರು ಕವಲು, ಕೊನೆಗೆ ಪ್ರತಿ ಕವಲಿನಿಂದ ಅರ್ತ್‌ಗೆ. ಹೆಚ್ಚಿನ ಕಾರುಗಳಲ್ಲಿ ಈ ದಾರಿಗೆ ಬ್ಯಾಟರಿಯಿಂದ ನೇರ ಪೂರೈಕೆಯಿದ್ದು, ಕೀ ತೆಗೆದಿದ್ದರೂ ಪೆಡಲ್ ಒತ್ತಿದರೆ ದೀಪ ಹತ್ತುತ್ತದೆ. ಕೆಲವು ಮಾದರಿಗಳಲ್ಲಿ ಮಾತ್ರ ಇಗ್ನಿಷನ್ ಆನ್ ಇರಬೇಕಾಗುತ್ತದೆ. ಪರೀಕ್ಷೆ ಶುರು ಮಾಡುವಾಗ ಕೀ ತಿರುಗಿಸಿಟ್ಟುಕೊಂಡರೆ ಈ ಗೊಂದಲ ಬರುವುದಿಲ್ಲ.

ಹಿಂದಿನ ಸಾಮಾನ್ಯ ಬ್ರೇಕ್ ಬಲ್ಬ್ 21 ವಾಟಿನದು. 12 ವೋಲ್ಟಿನಲ್ಲಿ ಅದು ಎಳೆಯುವ ಕರೆಂಟ್ ಸುಮಾರು 1.75 ಆಂಪಿಯರ್. ಎರಡು ಬಲ್ಬಿಗೆ 3.5 ಆಂಪಿಯರ್ ಆಯಿತು. ಈ ಸಂಖ್ಯೆಗಳು ಮುಂದೆ ಹಲವು ಕಡೆ ಉಪಯೋಗಕ್ಕೆ ಬರುತ್ತವೆ.

ಏನನ್ನೂ ಬಿಚ್ಚುವ ಮೊದಲು

ಕಾರನ್ನು ಬೇಸ್‌ಮೆಂಟಿನ ಅಥವಾ ಕಾಂಪೌಂಡಿನ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ, ಸಂಜೆಯ ಮಬ್ಬಿನಲ್ಲಿ ಪೆಡಲ್ ಒತ್ತಿದರೆ ಗೋಡೆಯ ಮೇಲೆ ಬೀಳುವ ಕೆಂಪು ಬೆಳಕನ್ನು ಕನ್ನಡಿಯಲ್ಲೇ ನೋಡಬಹುದು. ಜೊತೆಗೆ ಒಬ್ಬರಿದ್ದರೆ ಇನ್ನೂ ಸುಲಭ. ಯಾರೂ ಇಲ್ಲದಿದ್ದರೆ ಪೆಡಲಿಗೂ ಸೀಟಿಗೂ ನಡುವೆ ತಕ್ಕ ಉದ್ದದ ಕೋಲೊಂದನ್ನು ಆನಿಸಿಟ್ಟು ಹಿಂದಕ್ಕೆ ಹೋಗಿ ನೋಡಬಹುದು. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮೂರರಲ್ಲಿ ಯಾವುವು ಉರಿಯುತ್ತಿವೆ?

ಒಂದು ಬದಿಯ ದೀಪ ಮಾತ್ರ ಆರಿದ್ದರೆ ಫ್ಯೂಸ್ ಚೆನ್ನಾಗಿದೆ, ಸ್ವಿಚ್ ಚೆನ್ನಾಗಿದೆ, ಡಿಕ್ಕಿಯವರೆಗಿನ ತಂತಿಯೂ ಚೆನ್ನಾಗಿದೆ ಎಂದೇ ಅರ್ಥ. ಏಕೆಂದರೆ ಆ ದಾರಿಯಲ್ಲೇ ಬಂದ ವಿದ್ಯುತ್ ಇನ್ನೊಂದು ಬದಿಯನ್ನು ಉರಿಸುತ್ತಿದೆ. ಆಗ ಹುಡುಕಬೇಕಾದದ್ದು ಆರಿದ ದೀಪದ ಬಲ್ಬ್, ಹೋಲ್ಡರ್ ಮತ್ತು ಅದರ ಅರ್ತ್ ಇರುವ ಒಂದು ಮೊಳದ ಜಾಗದಲ್ಲಿ. ಮೂರೂ ಒಟ್ಟಿಗೆ ಆರಿದ್ದರೆ ಮೂರು ಬಲ್ಬ್ ಒಮ್ಮೆಗೇ ಸುಟ್ಟಿರುವ ಸಂಭವ ತೀರಾ ಕಡಿಮೆ. ಮೂರಕ್ಕೂ ಸಾಮಾನ್ಯವಾದ ಭಾಗ, ಅಂದರೆ ಫ್ಯೂಸ್, ಪೆಡಲ್ ಸ್ವಿಚ್ ಅಥವಾ ಕವಲೊಡೆಯುವ ಮುಂಚಿನ ತಂತಿ, ಇಲ್ಲೇ ದೋಷವಿದೆ.

ಮೇಲಿನ ದೀಪ ಉರಿದು ಕೆಳಗಿನ ಎರಡೂ ಆರಿದ್ದರೆ ಎಚ್ಚರ ಬೇಕು. ಒಂದು ಬಲ್ಬ್ ಹೋಗಿ ತಿಂಗಳುಗಳಾಗಿ, ಯಾರೂ ಗಮನಿಸದೆ, ಈಗ ಎರಡನೆಯದೂ ಹೋಗಿರುವುದು ಸಾಮಾನ್ಯ ಸಂಗತಿ. ಇದಕ್ಕೆ ತದ್ವಿರುದ್ಧವಾಗಿ ಮೇಲಿನದು ಮಾತ್ರ ಆರಿದ್ದರೆ, ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ಹಿಂಬಾಗಿಲಿನ ಕೀಲಿನ ಬಳಿಯ ರಬ್ಬರ್ ಕೊಳವೆಯನ್ನು ಮೊದಲು ನೋಡಬೇಕು. ಬಾಗಿಲು ತೆಗೆದು ಹಾಕುವಾಗಲೆಲ್ಲ ಅದರೊಳಗಿನ ತಂತಿಗಳು ಒಂದೇ ಜಾಗದಲ್ಲಿ ಬಾಗುತ್ತವೆ. ವರ್ಷಗಳು ಕಳೆದಂತೆ ಹೊದಿಕೆ ಬಿರಿದು ಒಳಗಿನ ತಾಮ್ರ ತುಂಡಾಗುತ್ತದೆ. ಹಿಂದಿನ ವೈಪರ್ ಅಥವಾ ನಂಬರ್ ಪ್ಲೇಟಿನ ದೀಪವೂ ಅದೇ ಹೊತ್ತಿಗೆ ತಕರಾರು ಮಾಡುತ್ತಿದ್ದರೆ ಅನುಮಾನ ಬಹುಮಟ್ಟಿಗೆ ಖಚಿತವಾಗುತ್ತದೆ.

ಬಲ್ಬ್ ಮತ್ತು ಹೋಲ್ಡರ್

ಬಲ್ಬ್ ಸುಟ್ಟಿದೆಯೇ ಎಂಬುದನ್ನು ಕಣ್ಣಿನಿಂದಲೇ ತಿಳಿಯಬಹುದು: ಗಾಜು ಕಪ್ಪಾಗಿರುತ್ತದೆ ಅಥವಾ ಒಳಗಿನ ಫಿಲಮೆಂಟ್ ತುಂಡಾಗಿರುತ್ತದೆ. ಕಾದ ಫಿಲಮೆಂಟ್ ಮೆತ್ತಗಿರುವುದರಿಂದ ಉರಿಯುತ್ತಿರುವಾಗ ಬಿದ್ದ ಏಟು ಅದಕ್ಕೆ ಹೆಚ್ಚು ಅಪಾಯಕಾರಿ, ಮತ್ತು ಗುಂಡಿ ಕಂಡೊಡನೆ ನಾವು ಮಾಡುವುದೇ ಬ್ರೇಕ್ ಒತ್ತುವ ಕೆಲಸ. ಫಿಲಮೆಂಟ್ ಸರಿಯಿದ್ದೂ ದೀಪ ಉರಿಯದಿದ್ದರೆ ಹೋಲ್ಡರಿನ ತಳದ ಸ್ಪ್ರಿಂಗ್ ಪತ್ತಿ ಸವೆದಿದೆಯೇ, ಹಸಿರು ಕಿಲುಬು ಕಟ್ಟಿದೆಯೇ, ಪ್ಲಾಸ್ಟಿಕ್ ಕರಗಿದೆಯೇ ಎಂದು ನೋಡಬೇಕು.

ಬಲ್ಬ್ ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ನೋಡಲು ಒಂದೇ ಬಗೆಯಂತಿರುವ ಎರಡು ಬಲ್ಬುಗಳು ಸಿಗುತ್ತವೆ. ಪಿ21ಡಬ್ಲ್ಯು ಎಂಬುದರಲ್ಲಿ 21 ವಾಟಿನ ಒಂದೇ ಫಿಲಮೆಂಟ್ ಇದೆ. ಪಿ21/5ಡಬ್ಲ್ಯು ಎಂಬುದರಲ್ಲಿ ಎರಡಿವೆ: 5 ವಾಟಿನದು ರಾತ್ರಿಯ ಟೇಲ್ ಲೈಟಿಗೆ, 21 ವಾಟಿನದು ಬ್ರೇಕಿಗೆ. ಎರಡು ಫಿಲಮೆಂಟಿನ ಬಲ್ಬಿನಲ್ಲಿ ಪಕ್ಕದ ಪಿನ್ನುಗಳನ್ನು ಬೇಕೆಂದೇ ಏರುಪೇರಾಗಿ ಇಟ್ಟಿರುತ್ತಾರೆ, ತಿರುಗುಮುರುಗಾಗಿ ಕೂರದಿರಲಿ ಎಂದು. ಬಲವಂತದಿಂದ ತಿರುಗುಮುರುಗಾಗಿ ಕೂರಿಸಿದರೆ ಟೇಲ್ ಲೈಟ್ ಪ್ರಖರವಾಗಿಯೂ ಬ್ರೇಕ್ ಲೈಟ್ ಮಂಕಾಗಿಯೂ ಉರಿಯುತ್ತದೆ. ಹಿಂದೆ ಬರುವವರಿಗೆ ಬ್ರೇಕ್ ಹಾಕಿದ್ದು ಗೊತ್ತಾಗುವುದೇ ಇಲ್ಲ. ಎರಡು ಫಿಲಮೆಂಟಿನ ಜಾಗದಲ್ಲಿ ಒಂದು ಫಿಲಮೆಂಟಿನದನ್ನು ತುರುಕಿದರೆ ತಳದ ಎರಡು ಸಂಪರ್ಕಗಳು ಒಂದಕ್ಕೊಂದು ಸೇರಿ, ಬ್ರೇಕ್ ಒತ್ತಿದಾಗ ಮುಂದಿನ ಪಾರ್ಕಿಂಗ್ ದೀಪಗಳು ಹತ್ತುವಂಥ ಕಂಗೆಡಿಸುವ ಲಕ್ಷಣಗಳು ಕಾಣುತ್ತವೆ.

ಪೆಡಲಿನ ಬಳಿಯ ಸ್ವಿಚ್

ಬ್ರೇಕ್ ಸ್ವಿಚ್ ಕೆಲಸ ಮಾಡುವ ಕ್ರಮ ನಾವು ಊಹಿಸುವುದಕ್ಕಿಂತ ತಿರುಗುಮುರುಗು. ಕಾಲು ಪೆಡಲಿನ ಮೇಲಿಲ್ಲದಾಗ ಪೆಡಲಿನ ಕೈ ಸ್ವಿಚ್ಚಿನ ಗುಂಡಿಯನ್ನು ಒಳಕ್ಕೆ ಒತ್ತಿ ಹಿಡಿದಿರುತ್ತದೆ, ಆಗ ದೀಪ ಆರಿರುತ್ತದೆ. ಪೆಡಲ್ ತುಳಿದರೆ ಅದು ಗುಂಡಿಯಿಂದ ದೂರ ಸರಿಯುತ್ತದೆ, ಗುಂಡಿ ಹೊರಚಿಮ್ಮಿ ಒಳಗಿನ ಸಂಪರ್ಕ ಕೂಡುತ್ತದೆ, ದೀಪ ಹತ್ತುತ್ತದೆ.

ಇದನ್ನು ತಿಳಿದುಕೊಂಡರೆ ಇನ್ನೊಂದು ದೋಷ ತಾನಾಗಿಯೇ ಅರ್ಥವಾಗುತ್ತದೆ. ಗುಂಡಿಗೂ ಪೆಡಲಿನ ಕೈಗೂ ನಡುವೆ ಅನೇಕ ಕಾರುಗಳಲ್ಲಿ ರಬ್ಬರ್ ಅಥವಾ ಪ್ಲಾಸ್ಟಿಕ್‌ನ ಪುಟ್ಟ ಬಿರಡೆಯೊಂದು ಇರುತ್ತದೆ. ವಯಸ್ಸಾದಂತೆ ಅದು ಪುಡಿಯಾಗಿ ಕಾಲಡಿಯ ಮ್ಯಾಟಿನ ಮೇಲೆ ಉದುರುತ್ತದೆ. ಆಮೇಲೆ ಗುಂಡಿಯನ್ನು ಒತ್ತಿ ಹಿಡಿಯುವವರಿಲ್ಲದೆ, ಪೆಡಲ್ ಮುಟ್ಟದಿದ್ದರೂ ಬ್ರೇಕ್ ಲೈಟ್ ಸದಾ ಉರಿಯುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿಯನ್ನು 3.5 ಆಂಪಿಯರ್‌ನಂತೆ ಎಳೆದರೆ ಲೆಕ್ಕದ ಪ್ರಕಾರ ಹತ್ತು ಗಂಟೆಯಲ್ಲಿ ಖಾಲಿ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದಾಗ ಹೊಸ ಬ್ಯಾಟರಿ ಹಾಕಿಸುವ ಮೊದಲು ಮ್ಯಾಟಿನ ಮೇಲೆ ಪ್ಲಾಸ್ಟಿಕ್ ಚೂರುಗಳಿವೆಯೇ ಎಂದು ನೋಡುವುದಕ್ಕೆ ಖರ್ಚೇನೂ ಇಲ್ಲ.

ಸ್ವಿಚ್ಚನ್ನು ಪರೀಕ್ಷಿಸಲು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಸಾಕು, ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಾಧಾರಣ ಮಾದರಿಗಳು ಧಾರಾಳವಾಗಿ ಸಿಗುತ್ತವೆ. ಕಪ್ಪು ತಂತಿಯನ್ನು ಕಾರಿನ ಬರಿಲೋಹಕ್ಕೆ ಹಿಡಿದು, ಎರಡು ಪಿನ್ನಿನ ಸ್ವಿಚ್ಚಿನ ಒಂದು ತಂತಿಯಲ್ಲಿ ಪೆಡಲ್ ಬಿಟ್ಟಿರುವಾಗಲೂ 12 ವೋಲ್ಟ್ ಇದೆಯೇ ಎಂದು ನೋಡಬೇಕು. ಇಲ್ಲವೆಂದರೆ ದೋಷ ಫ್ಯೂಸಿನ ಕಡೆಗಿದೆ. ಇದ್ದರೆ, ಪೆಡಲ್ ಒತ್ತಿದಾಗ ಎರಡನೆಯ ತಂತಿಯಲ್ಲೂ ಅಷ್ಟೇ ವೋಲ್ಟ್ ಬರಬೇಕು; ಬರದಿದ್ದರೆ ಸ್ವಿಚ್ ಕೆಟ್ಟಿದೆ ಅಥವಾ ಅದರ ಜಾಗ ಸರಿದಿದೆ. ನಾಲ್ಕು ಪಿನ್ನಿನ ಸ್ವಿಚ್ಚಾದರೆ ವೈರಿಂಗ್ ನಕ್ಷೆಯಿಲ್ಲದೆ ಪಿನ್ನುಗಳನ್ನು ತಂತಿಯಿಂದ ಜೋಡಿಸಿ ನೋಡಬಾರದು, ಏಕೆಂದರೆ ಅದರಲ್ಲಿ ಎರಡು ಪ್ರತ್ಯೇಕ ಸಂಪರ್ಕಗಳಿದ್ದು ಒಂದು ಎಂಜಿನ್ನಿನ ಕಂಪ್ಯೂಟರಿಗೆ ಹೋಗುತ್ತಿರಬಹುದು. ಡ್ಯಾಶ್‌ಬೋರ್ಡಿನ ಕೆಳಗೆ ಹಳದಿ ಕಪ್ಲರ್ (ತಂತಿಗಳನ್ನು ಜೋಡಿಸುವ ಪ್ಲಾಸ್ಟಿಕ್ ಕೊಂಡಿ) ಅಥವಾ ಹಳದಿ ಹೊದಿಕೆಯ ತಂತಿ ಕಂಡರೆ ಮುಟ್ಟದಿರುವುದು ಅಗತ್ಯ. ಆ ಬಣ್ಣ ಏರ್‌ಬ್ಯಾಗಿನದು.

ಇದೇ ಸ್ವಿಚ್ ಬೇರೆ ಕೆಲಸಗಳಿಗೂ ಸುದ್ದಿ ಮುಟ್ಟಿಸುತ್ತದೆ. ಆಟೊಮ್ಯಾಟಿಕ್ ಕಾರಿನ ಗೇರ್ ಲಿವರ್ ಪಾರ್ಕ್ ಸ್ಥಾನದಿಂದ ಕದಲದಿರುವುದು, ಬಟನ್ ಒತ್ತಿದರೆ ಎಂಜಿನ್ ಸ್ಟಾರ್ಟ್ ಆಗದಿರುವುದು, ಕ್ರೂಸ್ ಕಂಟ್ರೋಲ್ ಹಿಡಿಯದಿರುವುದು ಇವೆಲ್ಲಕ್ಕೂ ಬ್ರೇಕ್ ಸ್ವಿಚ್ ಕಾರಣವಾಗಿರಬಹುದು. ಕಾರಿನ ಕಂಪ್ಯೂಟರಿನಿಂದ ದೋಷದ ಸಂಕೇತಗಳನ್ನು ಓದುವ ಸ್ಕ್ಯಾನರ್ ಹಚ್ಚಿದಾಗ ಪಿ0504 ಅಥವಾ ಪಿ0571 ಎಂಬ ಸಂಕೇತ ಬಂದರೆ ಬೊಟ್ಟು ಮಾಡುವುದು ಈ ಸ್ವಿಚ್ಚಿನ ಕಡೆಗೇ.

ಅರ್ತ್ ಬಿಟ್ಟುಹೋದಾಗ

ಬ್ರೇಕ್ ಒತ್ತಿದರೆ ಒಂದು ಬದಿಯ ಇಂಡಿಕೇಟರ್ ಮಂಕಾಗಿ ಹತ್ತುತ್ತದೆ. ಇಂಡಿಕೇಟರ್ ಹಾಕಿದರೆ ಟೇಲ್ ಲೈಟ್ ಮಿಣುಕುತ್ತದೆ. ಹಗಲಿನಲ್ಲಿ ಮಂಕಾಗಿಯಾದರೂ ಬರುತ್ತಿದ್ದ ಬ್ರೇಕ್ ಲೈಟ್, ರಾತ್ರಿ ದೀಪಗಳನ್ನು ಹಾಕಿದ ಮೇಲೆ ಬಹುತೇಕ ಆರಿಯೇಹೋಗುತ್ತದೆ. ಇಂಥ ವಿಚಿತ್ರ ಲಕ್ಷಣಗಳನ್ನು ಕಂಡವರು ವೈರಿಂಗ್ ಪೂರ್ತಿ ಕೆಟ್ಟಿದೆ ಎಂದು ಗಾಬರಿಯಾಗುತ್ತಾರೆ. ಹಲವು ಸಲ ಕಾರಣ ಒಂದೇ ಒಂದು ಬೋಲ್ಟಿನ ತುಕ್ಕು.

ಹಿಂದಿನ ದೀಪದ ಗುಚ್ಛದೊಳಗಿನ ಬ್ರೇಕ್, ಟೇಲ್, ಇಂಡಿಕೇಟರ್, ರಿವರ್ಸ್ ಬಲ್ಬುಗಳು ಸಾಮಾನ್ಯವಾಗಿ ಒಂದೇ ಅರ್ತ್ ತಂತಿಯನ್ನು ಹಂಚಿಕೊಂಡಿರುತ್ತವೆ. ಆ ತಂತಿ ಬಿಟ್ಟುಹೋಯಿತು ಎನ್ನೋಣ. ಬ್ರೇಕಿನ ಫಿಲಮೆಂಟ್ ಹಾದು ಬಂದ ವಿದ್ಯುತ್ತಿಗೆ ಈಗ ನೇರವಾಗಿ ಮರಳಲು ದಾರಿಯಿಲ್ಲ. ಅದು ಪಕ್ಕದ ಟೇಲ್ ಅಥವಾ ಇಂಡಿಕೇಟರ್ ಫಿಲಮೆಂಟಿನೊಳಗೆ ಹಿಮ್ಮುಖವಾಗಿ ನುಗ್ಗಿ, ಅದರ ತಂತಿಯಲ್ಲಿ ಮುಂದಕ್ಕೆ ಸಾಗಿ, ಇನ್ನೊಂದು ಬದಿಯ ಟೇಲ್ ಲೈಟಿನ ಅಥವಾ ಮುಂದಿನ ಇಂಡಿಕೇಟರಿನ ಅರ್ತ್ ಮೂಲಕ ಬ್ಯಾಟರಿಗೆ ಮರಳುತ್ತದೆ. ದಾರಿಯಲ್ಲಿ ಸಿಕ್ಕ ಬಲ್ಬುಗಳೆಲ್ಲ 12 ವೋಲ್ಟನ್ನು ಹಂಚಿಕೊಳ್ಳಬೇಕಾದ್ದರಿಂದ ಯಾವುದೂ ಪೂರ್ತಿ ಉರಿಯದೆ ಎಲ್ಲವೂ ಮಂಕಾಗಿ ಕಾಣುತ್ತವೆ. ರಾತ್ರಿ ಟೇಲ್ ಲೈಟ್ ಹಾಕಿದೊಡನೆ ಆ ತಂತಿಯಲ್ಲೂ 12 ವೋಲ್ಟ್ ಬಂದು ನಿಲ್ಲುತ್ತದೆ. ಎರಡೂ ಕಡೆ ವೋಲ್ಟೇಜ್ ಸಮವಾದರೆ ನಡುವೆ ವಿದ್ಯುತ್ ಹರಿಯುವುದಿಲ್ಲ. ಬ್ರೇಕ್ ಲೈಟ್ ಅತ್ಯಂತ ಅಗತ್ಯವಾದ ಹೊತ್ತಿನಲ್ಲೇ ಇಲ್ಲವಾಗುತ್ತದೆ.

ಪರೀಕ್ಷೆ ಸುಲಭ. ಒಂದು ಉದ್ದ ತಂತಿಯ ಒಂದು ತುದಿಯನ್ನು ದೀಪದ ಕಪ್ಲರಿನ ಅರ್ತ್ ಪಿನ್ನಿಗೂ ಇನ್ನೊಂದನ್ನು ಡಿಕ್ಕಿಯ ಬಣ್ಣವಿಲ್ಲದ ಲೋಹಕ್ಕೂ ಹಿಡಿದು ಪೆಡಲ್ ಒತ್ತಿಸಿ ನೋಡಿದಾಗ ಎಲ್ಲ ದೀಪಗಳೂ ಸರಿಯಾದರೆ ದೋಷ ಸಿಕ್ಕಿತು. ಮೂಲ ಬೋಲ್ಟನ್ನು ಬಿಚ್ಚಿ, ಅದು ಕೂರುವ ಜಾಗವನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿದು, ಮೇಲೆ ತೆಳುವಾಗಿ ಗ್ರೀಸ್ ಸವರಿದರೆ ಮುಂದಿನ ಮಳೆಗಾಲಕ್ಕೂ ರಕ್ಷಣೆ ಸಿಗುತ್ತದೆ.

ಮೀಟರ್ 12 ವೋಲ್ಟ್ ತೋರಿಸಿದರೂ ದೀಪ ಉರಿಯದಿರುವುದೇಕೆ?

ದೋಷ ಹುಡುಕುವವರನ್ನು ಹೆಚ್ಚು ದಾರಿತಪ್ಪಿಸುವುದು ಈ ಪ್ರಶ್ನೆಯೇ ಎಂದು ನನ್ನ ಅಭಿಪ್ರಾಯ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ. ಬಲ್ಬ್ ತೆಗೆದು ಹೋಲ್ಡರಿನಲ್ಲಿ ಮೀಟರ್ ಇಟ್ಟರೆ ಪೂರ್ತಿ 12 ವೋಲ್ಟ್. ಹೊಸ ಬಲ್ಬ್ ಹಾಕಿದರೆ ಮಂಕು ಬೆಳಕು. ಹಾಗಾದರೆ ಮೀಟರ್ ಸುಳ್ಳು ಹೇಳಿತೇ?

ಮನೆಯ ಮೇಲಿನ ಟ್ಯಾಂಕಿನಿಂದ ಬರುವ ಪೈಪಿನೊಳಗೆ ತುಕ್ಕು ಕಟ್ಟಿದೆ ಎಂದುಕೊಳ್ಳಿ. ನಲ್ಲಿ ಮುಚ್ಚಿರುವಾಗ ಅದರ ಹಿಂದೆ ನಿಂತ ನೀರಿನ ಒತ್ತಡ ಒಳ್ಳೆಯ ಪೈಪಿನಲ್ಲಿರುವಷ್ಟೇ ಇರುತ್ತದೆ, ಏಕೆಂದರೆ ನೀರು ಹರಿಯುತ್ತಲೇ ಇಲ್ಲ. ನಲ್ಲಿ ತಿರುಗಿಸಿದ ಮೇಲಷ್ಟೇ ನೂಲಿನಂತೆ ಬರುವ ಧಾರೆ ಪೈಪಿನ ಸ್ಥಿತಿಯನ್ನು ತಿಳಿಸುತ್ತದೆ. ಮೀಟರ್ ನೋಡುವುದು ನಲ್ಲಿ ಮುಚ್ಚಿದ ಸ್ಥಿತಿಯನ್ನು. ಅದು ತನಗಾಗಿ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಬಲ್ಬ್ ಹಾಕಿದಾಗ ನಲ್ಲಿ ತೆರೆಯುತ್ತದೆ.

ಲೆಕ್ಕ ಹಾಕಿ ನೋಡಬಹುದು. ಉರಿಯುತ್ತಿರುವ 21 ವಾಟಿನ ಬಲ್ಬಿನ ರೋಧ ಸುಮಾರು 7 ಓಮ್. ಕಿಲುಬು ಹಿಡಿದ ಕಪ್ಲರೊಂದು ಬರೀ 2 ಓಮ್ ಸೇರಿಸಿದರೂ ಬಲ್ಬಿಗೆ ಸಿಗುವುದು 12ರ ಬದಲು ಸುಮಾರು 9 ವೋಲ್ಟ್. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜ್ ಇಳಿದಷ್ಟೇ ಇಳಿಯುವುದಿಲ್ಲ, ಅದಕ್ಕಿಂತ ಬಹಳ ವೇಗವಾಗಿ ಕುಸಿಯುತ್ತದೆ. ವೋಲ್ಟೇಜಿನಲ್ಲಿ ಕಾಲು ಭಾಗ ಕಳೆದರೆ ಬೆಳಕು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ.

ಆದ್ದರಿಂದ ಅಳೆಯಬೇಕಾದದ್ದು ಬಲ್ಬ್ ಹಾಕಿ, ಪೆಡಲ್ ಒತ್ತಿ ಹಿಡಿದಿರುವಾಗ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್‌ಗೂ ಇನ್ನೊಂದನ್ನು ಬಲ್ಬಿನ ಹೋಲ್ಡರಿಗೆ ಬರುವ ತಂತಿಗೂ ಇಟ್ಟರೆ, ದಾರಿಯಲ್ಲಿ ಕಳೆದುಹೋದ ವೋಲ್ಟೇಜ್ ನೇರವಾಗಿ ತೆರೆಯ ಮೇಲೆ ಬರುತ್ತದೆ. ಅದು ಅರ್ಧ ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ಮರಳುವ ದಾರಿಗೆ ಹೋಲ್ಡರಿನ ಅರ್ತ್ ಮತ್ತು ಬ್ಯಾಟರಿಯ ನೆಗೆಟಿವ್ ನಡುವೆ ಹೀಗೆಯೇ ಅಳೆಯಬೇಕು, ಅಲ್ಲಿ 0.2 ವೋಲ್ಟ್ ದಾಟಬಾರದು. ದಾಟಿದರೆ ಮೀಟರಿನ ತುದಿಯನ್ನು ಒಂದೊಂದೇ ಕಪ್ಲರ್ ಹಿಂದಕ್ಕೆ ಸರಿಸುತ್ತ ಬಂದಾಗ, ಅಳತೆ ಥಟ್ಟನೆ ಇಳಿಯುವ ಜಾಗದಲ್ಲಿ ಕಿಲುಬು ಸಿಗುತ್ತದೆ.

ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ

ಫ್ಯೂಸಿನ ಮೇಲೆ ಬರೆದ ಸಂಖ್ಯೆಯೇ ಅದರ ಮಿತಿ. ಬಣ್ಣವೂ ಅದನ್ನೇ ಹೇಳುತ್ತದೆ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಹತ್ತರದು ಪದೇ ಪದೇ ಹೋಗುತ್ತದೆಂದು ಇಪ್ಪತ್ತರದನ್ನು ಹಾಕುವುದು ಅಥವಾ ತಂತಿ ಸುತ್ತುವುದು ಅಪಾಯಕಾರಿ. ಆಗ ಫ್ಯೂಸಿನ ಬದಲು ಕಾರ್ಪೆಟ್ಟಿನ ಅಡಿಯಲ್ಲಿರುವ ತಂತಿಯೇ ಕಾದು ಸುಡುತ್ತದೆ.

ಪೆಡಲ್ ಒತ್ತಿದ ಕೂಡಲೇ ಫ್ಯೂಸ್ ಹೋಗುತ್ತದೆ ಎಂದರೆ ಸ್ವಿಚ್ಚಿನ ನಂತರದ ತಂತಿ ಎಲ್ಲೋ ಬರಿದಾಗಿ ಕಾರಿನ ಮೈಗೆ ತಾಗುತ್ತಿದೆ, ಅಂದರೆ ಶಾರ್ಟ್ ಆಗಿದೆ. ಎಲ್ಲಿ ಎಂದು ತಿಳಿಯಲು ಹತ್ತಾರು ಫ್ಯೂಸುಗಳನ್ನು ಸುಡಬೇಕಾಗಿಲ್ಲ. ಹಿಂದಿನ ಬ್ರೇಕ್ ಬಲ್ಬುಗಳನ್ನೆಲ್ಲ ತೆಗೆದು, ಮೇಲಿನ ಎಲ್‌ಇಡಿ ದೀಪದ ಕಪ್ಲರನ್ನೂ ಕಳಚಿ, ಫ್ಯೂಸಿನ ಎರಡು ತುದಿಗಳ ಜಾಗಕ್ಕೆ ತಂತಿ ಬಿಟ್ಟು 21 ವಾಟಿನ ಬಲ್ಬೊಂದನ್ನು ಜೋಡಿಸಬೇಕು. ಬಲ್ಬುಗಳನ್ನು ಮೊದಲೇ ತೆಗೆಯುವುದೇಕೆಂದರೆ ಅವುಗಳ ಫಿಲಮೆಂಟೂ ಅರ್ತ್‌ಗೆ ಒಂದು ದಾರಿಯೇ. ಈಗ ಪೆಡಲ್ ಒತ್ತಿದಾಗ ನಮ್ಮ ಬಲ್ಬ್ ಪ್ರಖರವಾಗಿ ಉರಿದರೆ ಶಾರ್ಟ್ ಇನ್ನೂ ಇದೆ ಎಂದರ್ಥ. ಬಲ್ಬೇ ಕರೆಂಟಿಗೆ ಮಿತಿ ಹಾಕುವುದರಿಂದ ಏನೂ ಸುಡುವುದಿಲ್ಲ. ಒಬ್ಬರು ಪೆಡಲ್ ಹಿಡಿದಿರುವಾಗ ಇನ್ನೊಬ್ಬರು ಒಂದೊಂದೇ ಕಪ್ಲರ್ ಕಳಚುತ್ತ, ತಂತಿಯ ಕಟ್ಟನ್ನು ಅಲುಗಾಡಿಸುತ್ತ ಹೋಗಬೇಕು. ಯಾವ ಕ್ಷಣದಲ್ಲಿ ಬಲ್ಬ್ ಆರಿತೋ ಆಗ ಕೈಯಿದ್ದ ಜಾಗದಲ್ಲೋ, ಕಳಚಿದ ಕಪ್ಲರಿನ ಆಚೆಗೋ ದೋಷವಿದೆ. ಡಿಕ್ಕಿಯ ಕೀಲು, ಸ್ಟೆಪ್ನಿಯ ಸುತ್ತಮುತ್ತ, ಮತ್ತು ಹೊರಗಿನಿಂದ ಸೇರಿಸಿದ ಬಂಪರ್ ದೀಪ ಅಥವಾ ರಿವರ್ಸ್ ಕ್ಯಾಮೆರಾಕ್ಕೆ ತಂತಿ ಕತ್ತರಿಸಿ ಟೇಪ್ ಸುತ್ತಿದ ಜಾಗಗಳಿಂದ ಶುರು ಮಾಡಬಹುದು.

ಹಜಾರ್ಡ್ ದೀಪಗಳು

ಹಜಾರ್ಡ್‌ಗೆಂದು ಬೇರೆ ಬಲ್ಬುಗಳಿಲ್ಲ. ನಾಲ್ಕು ಮೂಲೆಯ ಇಂಡಿಕೇಟರುಗಳೇ ಒಟ್ಟಿಗೆ ಮಿನುಗುತ್ತವೆ. ಮಿನುಗಿಸುವ ಫ್ಲ್ಯಾಷರ್ ಕೂಡ ಸಾಮಾನ್ಯವಾಗಿ ಒಂದೇ. ಬೇರೆಯಾಗಿರುವುದು ಪೂರೈಕೆಯ ದಾರಿ. ಇಂಡಿಕೇಟರಿಗೆ ವಿದ್ಯುತ್ ಬರುವುದು ಇಗ್ನಿಷನ್ ಮೂಲಕ; ಹಜಾರ್ಡ್‌ಗೆ ಬ್ಯಾಟರಿಯಿಂದ ನೇರವಾಗಿ, ತನ್ನದೇ ಫ್ಯೂಸ್ ಹಾದು. ಎಂಜಿನ್ ಕೆಟ್ಟು ಕೀ ತೆಗೆದ ಮೇಲೂ ಅದು ಕೆಲಸ ಮಾಡಬೇಕಲ್ಲವೇ?

ಈ ವ್ಯತ್ಯಾಸವೇ ದೋಷ ಪತ್ತೆಗೆ ಸಾಧನ. ಹಜಾರ್ಡ್ ಸರಿಯಿದ್ದು ಇಂಡಿಕೇಟರ್ ಎರಡೂ ಬದಿಗೆ ಬರದಿದ್ದರೆ ಬಲ್ಬುಗಳಲ್ಲೂ ಫ್ಲ್ಯಾಷರಿನಲ್ಲೂ ತಪ್ಪಿಲ್ಲ. ಇಗ್ನಿಷನ್ ಕಡೆಯ ಫ್ಯೂಸ್ ಅಥವಾ ಸ್ಟಿಯರಿಂಗ್ ಬಳಿಯ ಲಿವರ್ ಸ್ವಿಚ್ ನೋಡಬೇಕು. ಇಂಡಿಕೇಟರ್ ಸರಿಯಿದ್ದು ಹಜಾರ್ಡ್ ಮಾತ್ರ ಬರದಿದ್ದರೆ ಹಜಾರ್ಡಿನ ಫ್ಯೂಸ್ ಅಥವಾ ಕೆಂಪು ತ್ರಿಕೋನದ ಸ್ವಿಚ್. ಎರಡೂ ಇಲ್ಲವಾದರೆ ಎರಡಕ್ಕೂ ಸಾಮಾನ್ಯವಾದ ಫ್ಲ್ಯಾಷರ್. ಆದರೆ ಕಂಪ್ಯೂಟರ್ ಇಲ್ಲದ ಅನೇಕ ಹಳೆಯ ಕಾರುಗಳಲ್ಲಿ ಇಂಡಿಕೇಟರಿನ ಪೂರೈಕೆಯೂ ಹಜಾರ್ಡ್ ಸ್ವಿಚ್ಚನ್ನು ಹಾದೇ ಫ್ಲ್ಯಾಷರಿಗೆ ಹೋಗುತ್ತದೆ. ತಿಂಗಳುಗಟ್ಟಲೆ ಒತ್ತದೆ ಬಿಟ್ಟ ಸ್ವಿಚ್ಚಿನ ಒಳಗೆ ಧೂಳು, ಕಿಲುಬು ಸೇರಿದರೆ ಹಜಾರ್ಡ್ ಚೆನ್ನಾಗಿದ್ದು ಇಂಡಿಕೇಟರ್ ಸಾಯುತ್ತದೆ. ತ್ರಿಕೋನವನ್ನು ಹಲವು ಸಲ ಒತ್ತಿ ಬಿಟ್ಟಾಗ ಇಂಡಿಕೇಟರ್ ಮರಳಿ ಬಂದರೆ ತಪ್ಪು ಆ ಸ್ವಿಚ್ಚಿನದೇ.

ಮಿನುಗುವ ವೇಗವೂ ಮಾತಾಡುತ್ತದೆ. ನಿಮಿಷಕ್ಕೆ 60ರಿಂದ 120 ಸಲ ಮಿನುಗುವುದು ನಿಯಮ. ಒಂದು ಬದಿಗೆ ಹಾಕಿದಾಗ ಮಾತ್ರ ಟಿಕ್ ಟಿಕ್ ಸದ್ದು ಎಂದಿಗಿಂತ ಬಹಳ ಚುರುಕಾದರೆ ಆ ಬದಿಯ ಒಂದು ಬಲ್ಬ್ ಉರಿಯುತ್ತಿಲ್ಲ. ಎಲೆಕ್ಟ್ರಾನಿಕ್ ಫ್ಲ್ಯಾಷರ್ ಕಡಿಮೆ ಕರೆಂಟನ್ನು ಗುರುತಿಸಿ ಚಾಲಕರಿಗೆ ಕೊಡುವ ಸೂಚನೆ ಅದು. ಫಿಲಮೆಂಟ್ ಬಲ್ಬಿನ ಬದಲು ಎಲ್‌ಇಡಿ ಹಾಕಿಸಿದವರ ಕಾರಿನಲ್ಲಿ ಬಲ್ಬುಗಳೆಲ್ಲ ಚೆನ್ನಾಗಿದ್ದರೂ ಇದೇ ಆಗುತ್ತದೆ, ಏಕೆಂದರೆ ಎಲ್‌ಇಡಿ ಎಳೆಯುವ ಕರೆಂಟ್ ತೀರಾ ಕಡಿಮೆ. ಪರಿಹಾರವೆಂದು ಅಂಗಡಿಗಳಲ್ಲಿ ಕೊಡುವ 6 ಓಮಿನ ರೆಸಿಸ್ಟರ್ ಸುಮಾರು 2 ಆಂಪಿಯರ್ ಎಳೆದು ಚೆನ್ನಾಗಿ ಬಿಸಿಯಾಗುತ್ತದೆ. ಅದನ್ನು ಲೋಹದ ಮೈಗೆ ಬಿಗಿಯದೆ ಪ್ಲಾಸ್ಟಿಕ್ಕಿಗೆ ಅಂಟಿಸಿದರೆ ಕರಗುವ ಅಪಾಯವಿದೆ. ಫ್ಲ್ಯಾಷರ್ ಬಿಡಿಯಾಗಿರುವ ಕಾರಾದರೆ ಎಲ್‌ಇಡಿಗೆ ಹೊಂದುವ ಫ್ಲ್ಯಾಷರ್ ಹಾಕಿಸುವುದು ಮೇಲು.

ಹಜಾರ್ಡ್ ಹಾಕಿದಾಗ ಮೂಲೆಗಳ 21 ವಾಟಿನ ನಾಲ್ಕು ಬಲ್ಬು ಮತ್ತು ಕಾರಿನ ಎರಡು ಪಕ್ಕಗಳಲ್ಲಿರುವ 5 ವಾಟಿನ ಎರಡು ಪುಟ್ಟ ಇಂಡಿಕೇಟರ್ ಬಲ್ಬು ಸೇರಿ 94 ವಾಟ್, ಅಂದರೆ ಸುಮಾರು 8 ಆಂಪಿಯರ್. ಅರ್ಧ ಹೊತ್ತು ಆರಿರುವುದರಿಂದ ಸರಾಸರಿ ನಾಲ್ಕು. ನೈಸ್ ರಸ್ತೆಯ ಅಂಚಿನಲ್ಲಿ ಟೋಯಿಂಗ್ ಗಾಡಿಗಾಗಿ ಎರಡು ಗಂಟೆ ಕಾಯಬೇಕಾದರೂ ಆರೋಗ್ಯವಾಗಿರುವ ಬ್ಯಾಟರಿ ತಡೆದುಕೊಳ್ಳುತ್ತದೆ. ಬಡವಾದದ್ದು ಮಿನುಗನ್ನು ನಿಧಾನ ಮಾಡುತ್ತ ಕೈಕೊಡುತ್ತದೆ. ಮಳೆಯಲ್ಲಿ ಓಡಿಸುತ್ತಲೇ ಹಜಾರ್ಡ್ ಹಾಕಿಕೊಳ್ಳುವವರು ಒಂದು ಸಂಗತಿ ಗಮನಿಸಬೇಕು: ಹೆಚ್ಚಿನ ಕಾರುಗಳಲ್ಲಿ ಆ ಹೊತ್ತಿನಲ್ಲಿ ಎಡ ಬಲ ತಿರುಗುವ ಸೂಚನೆ ಹಿಂದಿನವರಿಗೆ ಸಿಗುವುದಿಲ್ಲ.

ಕಂಪ್ಯೂಟರ್ ನಡುವೆ ಬಂದ ಕಾರುಗಳಲ್ಲಿ

ಈಚಿನ ಅನೇಕ ಮಾದರಿಗಳಲ್ಲಿ ಬಿಡಿ ಫ್ಲ್ಯಾಷರ್ ಇಲ್ಲ. ಸ್ವಿಚ್ಚುಗಳು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪೆಟ್ಟಿಗೆಗೆ ಸಂದೇಶವನ್ನಷ್ಟೇ ಕೊಡುತ್ತವೆ, ದೀಪಗಳಿಗೆ ವಿದ್ಯುತ್ ಹರಿಸುವುದು ಆ ಪೆಟ್ಟಿಗೆ. ಟಿಕ್ ಟಿಕ್ ಸದ್ದು ಕೂಡ ಸ್ಪೀಕರಿನಿಂದ ಬರುವ ಕೃತಕ ಸದ್ದು. ಇಂಥ ಕಾರುಗಳಲ್ಲಿ ತಂತಿ ಚುಚ್ಚಿ ದೊಡ್ಡ ಟೆಸ್ಟ್ ಲ್ಯಾಂಪ್ ಹಚ್ಚಬಾರದು, ಪಿನ್ನುಗಳಿಗೆ ಬ್ಯಾಟರಿಯಿಂದ ನೇರ ವಿದ್ಯುತ್ ಕೊಡಬಾರದು. ಒಂದು ಬಲ್ಬಿನ ತಕರಾರು ಮಾಡ್ಯೂಲನ್ನೇ ಬದಲಿಸುವ ಖರ್ಚಿಗೆ ತಿರುಗಬಹುದು. ಬಲ್ಬ್, ಹೋಲ್ಡರ್, ಅರ್ತ್, ಫ್ಯೂಸ್ ಇಷ್ಟನ್ನು ನಾವೇ ನೋಡಿ, ಉಳಿದದ್ದನ್ನು ಸ್ಕ್ಯಾನರ್ ಇರುವವರಿಗೆ ಬಿಡುವುದು ಕ್ಷೇಮ. ಪೆಡಲ್ ಒತ್ತಿದ ಸಂದೇಶ ಪೆಟ್ಟಿಗೆಯನ್ನು ಮುಟ್ಟಿತೇ, ಮುಟ್ಟಿದ ಮೇಲೆ ಅದು ದೀಪಕ್ಕೆ ವಿದ್ಯುತ್ ಬಿಡುವ ಆಜ್ಞೆ ಕೊಟ್ಟಿತೇ ಎಂಬುದನ್ನು ಸ್ಕ್ಯಾನರಿನ ತೆರೆಯ ಮೇಲೆ ಬೇರೆ ಬೇರೆಯಾಗಿ ನೋಡಬಹುದು, ದೋಷ ಪೆಟ್ಟಿಗೆಯ ಯಾವ ಕಡೆಗಿದೆ ಎಂದು ಅದರಿಂದ ತಿಳಿಯುತ್ತದೆ. ಗ್ಯಾರೇಜಿನಲ್ಲಿ "ಲೈಟ್ ಹೋಗಿದೆ" ಎಂದಷ್ಟೇ ಹೇಳುವ ಬದಲು, ಯಾವುದು ಉರಿಯುತ್ತದೆ, ಯಾವುದು ಉರಿಯುವುದಿಲ್ಲ, ಮಳೆ ಬಂದಾಗ ಮಾತ್ರವೇ, ಹೆಡ್‌ಲೈಟ್ ಹಾಕಿದಾಗ ಮಾತ್ರವೇ ಎಂಬುದನ್ನು ತಿಳಿಸಿದರೆ ಎಲೆಕ್ಟ್ರಿಷಿಯನ್ನರ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ದುರಸ್ತಿಯಾದ ಮೇಲಿನ ಪರೀಕ್ಷೆ

ಕೆಲಸ ಮುಗಿದ ಮೇಲೆ ಬ್ರೇಕ್ ಒಂದನ್ನೇ ಒತ್ತಿ ನೋಡಿ ಸಮಾಧಾನಪಟ್ಟುಕೊಳ್ಳುವುದು ಸಾಲದು. ಹೆಡ್‌ಲೈಟ್, ಹಜಾರ್ಡ್, ಬ್ರೇಕ್ ಮೂರನ್ನೂ ಒಮ್ಮೆಗೇ ಹಾಕಿ, ಸಾಧ್ಯವಾದರೆ ಇಗ್ನಿಷನ್ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ರಿವರ್ಸ್ ಗೇರನ್ನೂ ಹಾಕಿ, ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿ ನೋಡಬೇಕು. ಆಟೊಮ್ಯಾಟಿಕ್ ಕಾರಾದರೆ ಹ್ಯಾಂಡ್‌ಬ್ರೇಕ್ ಎಳೆದು, ಹಿಂದೆ ನಿಂತವರನ್ನು ಪಕ್ಕಕ್ಕೆ ಸರಿಸಿದ ಮೇಲೆಯೇ ಗೇರ್ ಮುಟ್ಟಬೇಕು. ಒಂದೊಂದೇ ದೀಪ ಹಾಕಿದಾಗ ತಡೆದುಕೊಂಡ ಬಡಕಲು ಅರ್ತ್, ಗುಚ್ಛದ ಎಲ್ಲ ಬಲ್ಬುಗಳ ಕರೆಂಟ್ ಒಟ್ಟಿಗೆ ಅದರ ಮೇಲೆ ಬಿದ್ದಾಗ ತಡೆದುಕೊಳ್ಳುವುದಿಲ್ಲ. ಇಂಡಿಕೇಟರ್ ಮಿನುಗಿದಾಗಲೆಲ್ಲ ಪಕ್ಕದ ಬ್ರೇಕ್ ಲೈಟ್ ಒಂದಿಷ್ಟು ಮಂಕಾಗಿ ಮತ್ತೆ ಬೆಳಗುತ್ತಿದ್ದರೆ ಆ ಬೋಲ್ಟನ್ನು ಇನ್ನೊಮ್ಮೆ ಬಿಚ್ಚಿ ಉಜ್ಜಬೇಕು.